ಮೂರು ಸಲ ಕೇಳುವ ಚಂದಣ್ಣ

ಕೇಳಿರಿ, ಆಸ್ತಿಕ ಬಂಧುಗಳೇ. ಕೈಯಲ್ಲಿ ಕೆಲಸವಿದ್ದರೆ ಅದು ಕೈಯಲ್ಲೇ ಇರಲಿ. ಕಿವಿಯನ್ನು ಮಾತ್ರ ಒಂದಿಷ್ಟು ಹೊತ್ತು ನನಗೆ ಕೊಡಿ. ಭಗವಂತನ ಸೇವೆಗೆ ಒಂಬತ್ತು ದಾರಿಗಳನ್ನು ತೋರಿಸಿದ ನಮ್ಮ ಹಿರಿಯರು ಕೇಳುವುದನ್ನು ಮೊದಲು ಇಟ್ಟರು, ಹಾಡುವುದನ್ನು ಎರಡನೆಯದಾಗಿ ಇಟ್ಟರು. ಹಾಗೇಕೆ ಇಟ್ಟರೆಂದು ನಾನು ಎಷ್ಟೋ ಶನಿವಾರ ಪ್ರವಚನದಲ್ಲಿ ವಿವರಿಸಿದ್ದುಂಟು. ಆದರೆ ಅದರ ಅರ್ಥವನ್ನು ನನಗೆ ಮನಗಾಣಿಸಿದವರು ಮೈಕ್ ಸೆಟ್ಟಿನ ಚಂದು ದೇವಾಡಿಗರು. ತ್ರಾಸಿಯಲ್ಲಿ ಕಡಲ ಬದಿಯ ನಮ್ಮ ಭಜನಾ ಮಂದಿರದ ಹಿಂದಿನ ಓಣಿಯಲ್ಲಿ ಅವರ ಮನೆ. ಅವರು ನನ್ನ ಊರಿನವರೆಂದು ಹೇಳಿಕೊಳ್ಳುವಾಗ ನನ್ನ ಎದೆ ತುಂಬಿ ಬರುತ್ತದೆ. ಅದು ಏಕೆಂದು ಹೇಳುವುದೇ ಈ ಬರಹದ ಉದ್ದೇಶ.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಮನೆಯೊಕ್ಕಲಿರಲಿ, ಉಪನಯನವಿರಲಿ, ಮದುವೆಯಿರಲಿ, ಚಂದಣ್ಣನ ಬಿಳಿ ವ್ಯಾನು ಹಿಂದಿನ ದಿನ ಸಂಜೆಯೇ ಅಂಗಳಕ್ಕೆ ಬಂದಿರುತ್ತದೆ. ಮೂವತ್ತೆಂಟು ವರ್ಷಗಳಿಂದ ಅವರದು ಅದೇ ಕಾಯಕ. ಜೊತೆಗೆ ತೆಕ್ಕಟ್ಟೆಯ ಕಿಟ್ಟಣ್ಣ. ವ್ಯಾನು ಓಡಿಸುವುದು, ತೆಂಗಿನ ಮರ ಹತ್ತಿ ಹಾರ್ನ್ ಕಟ್ಟುವುದು ಕಿಟ್ಟಣ್ಣನ ಪಾಲು. ಯಾವ ಹೊತ್ತಿಗೆ ಯಾವ ಹಾಡು ಎಂಬುದು ಚಂದಣ್ಣನ ಪಾಲು. ಮಳೆಗಾಲದಲ್ಲಿ ಕಾರ್ಯಗಳಿರುವುದಿಲ್ಲ, ಆಗ ಆಂಪ್ಲಿಫೈಯರುಗಳನ್ನು ಮರದ ಪೆಟ್ಟಿಗೆಯೊಳಗಿಟ್ಟು, ತೇವ ಹಿಡಿಯದಂತೆ ಒಳಗೊಂದು ಸಣ್ಣ ಬಲ್ಬು ಉರಿಸಿಡುತ್ತಾರೆ. ಇಷ್ಟು ವರ್ಷ ಮೈಕು ಹಿಡಿದ ಈ ಮನುಷ್ಯ ಅದರಲ್ಲಿ ಆಡಿದ ಮಾತು ಒಂದೇ: "ಹಲೋ, ಒಂದು, ಎರಡು, ಮೂರು." ಅದಾದ ಮೇಲೆ ಮೈಕನ್ನು ಪುರೋಹಿತರಿಗೋ ಭಾಷಣದವರಿಗೋ ಕೊಟ್ಟು ತಾವು ಪೆಟ್ಟಿಗೆಯ ಹಿಂದೆ ಸ್ಟೂಲಿನ ಮೇಲೆ ಕುಳಿತುಬಿಡುತ್ತಾರೆ.

ಅವರಲ್ಲೊಂದು ನೇಮವಿತ್ತು. ಹೊಸ ಧ್ವನಿಸುರುಳಿ ಯಾವುದೇ ಬಂದರೂ ಮೂರು ಸಲ ಕೇಳದೆ ಮೈಕಿಗೆ ಹಾಕುತ್ತಿರಲಿಲ್ಲ. ಸುರುಳಿ ಹೋಗಿ ಪೆನ್‌ಡ್ರೈವ್ ಬಂದರೂ ನಮ್ಮಲ್ಲಿ ಅದರ ಹೆಸರು ಧ್ವನಿಸುರುಳಿಯೇ. ಮೊದಲನೆಯ ಸಲ ಬೆಳಿಗ್ಗೆ, ಚಹಾ ಕೂಡ ಕುಡಿಯದೆ, ಹಸಿದ ಹೊಟ್ಟೆಯಲ್ಲಿ. ಎರಡನೆಯ ಸಲ ಮನೆಯವರೆಲ್ಲ ಕೂಡಿ ನಗುತ್ತಿರುವ ಹೊತ್ತಿನಲ್ಲಿ. ಮೂರನೆಯ ಸಲ, ಯಾರದಾದರೂ ಸಾವಿನ ಮನೆಗೆ ಹೋಗಿ ಬಂದು, ಬಾವಿಕಟ್ಟೆಯಲ್ಲಿ ಮಿಂದು, ಒದ್ದೆ ತಲೆಯಲ್ಲೇ ಜಗಲಿಯಲ್ಲಿ ಕುಳಿತು. ಮೂರನೆಯದಕ್ಕಾಗಿ ಕೆಲವು ಹಾಡುಗಳು ತಿಂಗಳುಗಟ್ಟಲೆ ಕಾದದ್ದಿದೆ. ಆಮೇಲೆ ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದರು: "ಸೂರ್ಯ ಬರುವ ಮೊದಲು ಮಾತ್ರ." "ಮದುಮಗಳು ಬರುವಾಗ." "ಎಲ್ಲರೂ ಹೋದ ಮೇಲೆ, ಮನೆಯವರು ಉಣ್ಣುವಾಗ." ಯಾರಾದರೂ ಬಂದು ಒಳ್ಳೆಯ ಭಕ್ತಿಗೀತೆ ಯಾವುದೆಂದು ಕೇಳಿದರೆ ಅವರ ಮರುಪ್ರಶ್ನೆ ಸಿದ್ಧವಿರುತ್ತಿತ್ತು: "ಯಾರ್ ಮನೀಗೆ? ಎಷ್ಟ್ ಗಂಟಿಗೆ?"

ಹೀಗಾಗಿ ಧ್ವನಿಸುರುಳಿಯ ವಿಷಯದಲ್ಲಿ ಚಂದಣ್ಣನ ಮಾತೆಂದರೆ ಕೊನೆಯ ಮಾತು. ಆ ಮಾತಿನ ತೂಕ ಎಷ್ಟೆಂದು ಅವರಿಗೇ ಗೊತ್ತಿರಲಿಲ್ಲ. ಕಥೆ ಇರುವುದು ಅಲ್ಲಿ.

ನಮ್ಮ ಮಂದಿರಕ್ಕೆ ಐವತ್ತು ತುಂಬುವ ವರ್ಷ ಅದು. ಮಂದಿರದ ಹಿರಿಯರು ಕಟ್ಟಿ ಬಾಯಿಂದ ಬಾಯಿಗೆ ಉಳಿದುಬಂದ ಎಂಟು ಪದಗಳನ್ನು ಧ್ವನಿಸುರುಳಿ ಮಾಡಿ ನವರಾತ್ರಿಯಲ್ಲಿ ಬಿಡುಗಡೆ ಮಾಡಬೇಕೆಂದು ನಿರ್ಣಯವಾಯಿತು. ಹಾಡಿದವಳು ಬಾಗಿ. ಗೇರುಬೀಜದ ಕಾರ್ಖಾನೆಯಲ್ಲಿ ಬೀಜದ ಸಿಪ್ಪೆ ತೆಗೆಯುವ ಸಾಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕುಳಿತವಳು. ಆ ಎಂಟೂ ಪದಗಳು ಪೂರ್ತಿಯಾಗಿ ಬಾಯಿಗೆ ಬರುವುದು ಊರಿನಲ್ಲಿ ಅವಳೊಬ್ಬಳಿಗೇ. ಕೆಲಸದ ನಡುವೆ ಅವಳು ಹಾಡುತ್ತಿದ್ದುದು ಮೇಲ್ವಿಚಾರಕರಿಗೆ ಕೇಳಿಸದಷ್ಟು, ಅಕ್ಕಪಕ್ಕದ ನಾಲ್ಕು ಹೆಂಗಸರಿಗೆ ಕೇಳಿಸುವಷ್ಟು. ಧ್ವನಿಮುದ್ರಣದ ಕೋಣೆಯಲ್ಲಿಯೂ ಅವಳು ಹಾಗೆಯೇ ಹಾಡಿ ಬಂದಳು.

ಪೆನ್‌ಡ್ರೈವ್ ಸಿದ್ಧವಾಗಿ ಬಂದದ್ದು ವೈಶಾಖದಲ್ಲಿ. ಮಂದಿರದ ಅಧ್ಯಕ್ಷ ರತೀಶ್ ಶೆಟ್ಟಿ, ಬೈಂದೂರಿನಲ್ಲಿ ಹೋಟೆಲು ನಡೆಸುವ ಚುರುಕು ತರುಣ, ಅದನ್ನು ಜೇಬಿನಲ್ಲಿಟ್ಟುಕೊಂಡು ನೇರವಾಗಿ ಚಂದಣ್ಣನ ಮಗಳು ಸುಪ್ರೀತಾಳ ಮದುವೆಗೆ ಬಂದ. ಊರೆಲ್ಲ ಒಂದೇ ಛತ್ರದಲ್ಲಿ ಸೇರಿದ ದಿನ. ಎಲ್ಲರೂ ಕೇಳಲಿ ಎಂದು ಅವನ ಆಸೆ. ಮಗಳ ಧಾರೆ ಎರೆದ ತಂದೆ, ರೇಷ್ಮೆ ಶಲ್ಯ ಹೊದ್ದು, ನಡುನಡುವೆ ಓಡಿಬಂದು ತನ್ನದೇ ಮೈಕ್ ಸೆಟ್ಟಿನ ಗುಂಡಿ ತಿರುಗಿಸುತ್ತಿದ್ದರು. ಬೇರೆಯವರ ಕೈಗೆ ಅದನ್ನು ಬಿಟ್ಟುಕೊಡುವುದು ಅವರಿಂದ ಆಗಲಿಲ್ಲ. ಮೊದಲ ಹಂತಿಯ ಊಟಕ್ಕೆ ಎಲೆ ಹಾಕಿ ಆಗಿತ್ತು. ಆ ಸಂಭ್ರಮದಲ್ಲಿ ಚಂದಣ್ಣ ತಮ್ಮ ನೇಮ ಮರೆತರು. ರತೀಶ ಕೊಟ್ಟದ್ದನ್ನು ಅಲ್ಲೇ ಸಿಕ್ಕಿಸಿದರು.

ಅನ್ನದವರ ಕೂಗು, ಸಾರಿನವರ ಕೂಗು, ಮಕ್ಕಳ ಓಡಾಟ, ಬೀಗರ ನಗೆ. ಇವುಗಳ ನಡುವೆ ಬಾಗಿಯ ಧ್ವನಿ ಎಲ್ಲಿಗೂ ಮುಟ್ಟಲಿಲ್ಲ. ಚಂದಣ್ಣ ಧ್ವನಿ ಏರಿಸಿದರು. ಪಕ್ಕದಲ್ಲಿ ಕುಳಿತವರಿಗೆಂದು ಹಾಡಿದ ಸ್ವರ ಏರಿಸಿದಷ್ಟೂ ಒಡೆಯಿತು. ಎರಡು ಪದ ಮುಗಿಯುವಷ್ಟರಲ್ಲಿ ಅವರು ಅದನ್ನು ನಿಲ್ಲಿಸಿ ಮದುವೆ ಮನೆಗೊಪ್ಪುವ ಬೇರೊಂದನ್ನು ಹಾಕಿ, ರತೀಶನ ಹೆಗಲಿನ ಮೇಲೆ ಕೈಯಿಟ್ಟು ನಗುತ್ತಲೇ ಹೇಳಿದರು:

"ಪದ ಸಮ ಇತ್, ತಾಳ ಸಮ ಇತ್. ಆರೆ ಜೀವ ಇಲ್ಲೆ ಮಾರಾಯಾ. ಜನ ಕೇಂತಿಲ್ಲೆ."

ಅದು ಪಿಸುಮಾತಾಗಿರಲಿಲ್ಲ. ಹಂತಿಯಲ್ಲಿ ಮೂರನೆಯ ಎಲೆಯ ಮುಂದೆ ಬಾಗಿ ಕುಳಿತಿದ್ದಳು. ಪಾಯಸ ಇನ್ನೂ ಬಂದಿರಲಿಲ್ಲ. ಅವಳು ಎಲೆ ಮಡಚಿ ಎದ್ದು ಕೈತೊಳೆಯಲು ಹೋದಳು. ಅಲ್ಲಿಂದ ಹಾಗೇ ಮನೆಗೆ ಹೋದಳು. ಹಂತಿಯ ನಡುವೆ ಒಬ್ಬರು ಏಳುವುದೆಂದರೆ ನಮ್ಮಲ್ಲಿ ಸಣ್ಣ ಸಂಗತಿಯಲ್ಲ. ಆದರೂ ಅದನ್ನು ಕಂಡವನು ಕಿಟ್ಟಣ್ಣನೊಬ್ಬನೇ. ಅವನು ಬಂದು ಚಂದಣ್ಣನ ಪಕ್ಕದಲ್ಲಿ ನಿಂತ.

"ಚಂದು, ನೀನ್ ಮೂರ್ ಸಲ ಕೇಂಬವ. ಇವತ್ತ್ ಎಂತ, ಒಂದೇ ಸಲಕ್ಕೆ ಮುಗ್ಸದ್ದ್?"

ಮಗಳ ಮದುವೆಯ ದಿನ ಲೆಕ್ಕ ತಪ್ಪುತ್ತದೆ ಎಂದು ಚಂದಣ್ಣ ನಕ್ಕುಬಿಟ್ಟರು. ಕಿಟ್ಟಣ್ಣ ನಗಲಿಲ್ಲ. ಪೆನ್‌ಡ್ರೈವನ್ನು ಕಳಚಿ, ಒರೆಸಿ, ವ್ಯಾನಿನ ಮುಂಭಾಗದಲ್ಲಿ ದೇವರ ಪಟದ ಕೆಳಗೆ ಇಟ್ಟ. ಇನ್ನೆರಡು ಸಲ ಕೇಳುವುದು ಬಾಕಿ ಇದೆ ಎಂದು ಅವನ ಲೆಕ್ಕ.

"ಜೀವ ಇಲ್ಲ" ಎಂಬ ಆ ಮಾತು ಮಾತ್ರ ಓಣಿ ಓಣಿ ತಿರುಗಿತು. ಚಂದಣ್ಣನೇ ಹೇಳಿದ ಮೇಲೆ ಇನ್ನೇನು? ಸಮಿತಿ ಸೇರಿತು. ಅದೇ ಪದಗಳನ್ನು ಹೊರ ಊರಿನ ತರಬೇತಾದ ಗಾಯಕಿಯೊಬ್ಬರಿಂದ ಹಾಡಿಸುವುದೆಂದು ರತೀಶ ಮಾತು ಮುಗಿಸಿ ಬಂದ. ಶ್ರಾವಣ ಕಳೆದ ಮೊದಲ ಬುಧವಾರ ಮರುಮುದ್ರಣದ ದಿನ. ಬಾಗಿಯ ಸ್ವರದ ಪ್ರತಿ ಅಳಿಸಿಹೋಗುತ್ತದೆ. ಬಾಗಿ ಯಾರೊಡನೆಯೂ ಜಗಳವಾಡಲಿಲ್ಲ. ಶನಿವಾರದ ಭಜನೆಗೆ ಬರುವುದನ್ನು ನಿಲ್ಲಿಸಿದಳು, ಕಾರ್ಖಾನೆಯ ಸಾಲಿನಲ್ಲಿ ಹಾಡುವುದನ್ನೂ ನಿಲ್ಲಿಸಿದಳು. ಪಕ್ಕದ ಹೆಂಗಸರು ಬೇಡಿಕೊಂಡರೂ ಗಂಟಲು ಸರಿಯಿಲ್ಲ ಎನ್ನುತ್ತಿದ್ದಳಂತೆ.

ಆಷಾಢದ ಕೊನೆಯಲ್ಲಿ ಮಳೆ ಹೊಯ್ಯುತ್ತಿರುವಾಗ ಒಂದು ಬೆಳಿಗ್ಗೆ ಕಿಟ್ಟಣ್ಣ ಎದೆನೋವೆಂದು ಕುಳಿತವನು ಏಳಲಿಲ್ಲ.

ಹನ್ನೆರಡನೆಯ ದಿನದ ಬೊಜ್ಜದ ಕಾರ್ಯಕ್ಕೆ ಅವನ ಹೆಂಡತಿ ಸರಸಕ್ಕ ಚಂದಣ್ಣನಲ್ಲಿ ಒಂದು ಮಾತು ಕೇಳಿಕೊಂಡರು. ಮೂವತ್ತು ವರ್ಷ ಊರವರ ಅಂಗಳದಲ್ಲಿ ಹಾರ್ನ್ ಕಟ್ಟಿದವನ ಅಂಗಳ ಮೂಕವಾಗಿರುವುದು ಬೇಡ. ದೊಡ್ಡದಾಗಿ ಬೇಡ, ಸಣ್ಣದಾಗಿ ಏನಾದರೂ ದೇವರ ಪದ ಇರಲಿ. ಚಂದಣ್ಣ ಹಾರ್ನ್ ತರಲಿಲ್ಲ, ಕಟ್ಟುವವನು ಇರಲಿಲ್ಲ. ಒಂದು ಚಿಕ್ಕ ಪೆಟ್ಟಿಗೆಯನ್ನು ಜಗಲಿಯ ಮೂಲೆಯಲ್ಲಿಟ್ಟು, ತಮ್ಮ ಪುಸ್ತಕ ತೆರೆದು, ಇಂಥ ಹೊತ್ತಿಗೆಂದೇ ಗುರುತು ಹಾಕಿದ್ದ ಮೂರು ಧ್ವನಿಸುರುಳಿಗಳನ್ನು ಒಂದೊಂದಾಗಿ ಹಾಕಿದರು. ಎಲ್ಲವೂ ಹೆಸರುವಾಸಿ. ಒಂದೂ ಆ ಜಗಲಿಯಲ್ಲಿ ಕೂರಲಿಲ್ಲ. ಎಲ್ಲವೂ ದೊಡ್ಡ ಸಭೆಗೆ ಹಾಡಿದ ಹಾಗೆ ಕೇಳಿಸುತ್ತಿತ್ತು. ಇಲ್ಲಿದ್ದದ್ದು ಮಳೆಯ ನಡುವಿನ ಒಂದು ಮನೆ, ಗಂಡನ ಅಂಗಿಯನ್ನು ಇನ್ನೂ ಗೂಟದಿಂದ ತೆಗೆಯದ ಒಬ್ಬಳು ಹೆಂಗಸು. ಬೇರೇನಾದರೂ ಸಿಕ್ಕೀತೇ ಎಂದು ವ್ಯಾನಿಗೆ ಹೋದಾಗ ದೇವರ ಪಟದ ಕೆಳಗೆ ಕಿಟ್ಟಣ್ಣ ಇಟ್ಟದ್ದು ಕೈಗೆ ಸಿಕ್ಕಿತು.

ಮೊದಲ ಪದ ಅರ್ಧವಾಗುವಾಗ ಅಡುಗೆ ಕೋಣೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸರಸಕ್ಕ ಹೊರಗೆ ಬಂದು ಪೆಟ್ಟಿಗೆಯ ಹತ್ತಿರದ ಕಂಬಕ್ಕೆ ಒರಗಿ ಕುಳಿತರು. ಎಂಟೂ ಪದ ಮುಗಿಯುವವರೆಗೆ ಏಳಲಿಲ್ಲ.

"ಚಂದಣ್ಣ, ಯಾರ್ ಅದ್ ಹಾಡುದ್? ಬದಿಗೇ ಕೂಕಂಡ್ ಹಾಡ್ದಂಗ್ ಆಯ್ತ್. ಇನ್ನೊಂದ್ ಸಲ ಹಾಕಿ."

ಎರಡನೆಯ ಸಲ ಹಾಕಿದಾಗ ಸರಸಕ್ಕ ಹನ್ನೆರಡು ದಿನಗಳಲ್ಲಿ ಮೊದಲ ಬಾರಿಗೆ ಗಂಡನ ವಿಷಯ ತಾನಾಗಿ ಮಾತಾಡಿದರಂತೆ: ಅವನು ಮರದ ಮೇಲಿಂದ ಇಡೀ ಕಡಲು ಕಾಣುತ್ತದೆಂದು ಹೇಳುತ್ತಿದ್ದುದು, ಒಮ್ಮೆ ಹಾರ್ನಿನೊಳಗೆ ಕಣಜ ಗೂಡು ಕಟ್ಟಿದ್ದು. ಚಂದಣ್ಣ ತಲೆ ತಗ್ಗಿಸಿ ಕೇಳುತ್ತಾ ಕುಳಿತರು. ಆ ಸಂಜೆ ಮನೆಗೆ ಬಂದು ಮಿಂದು, ಒದ್ದೆ ತಲೆಯಲ್ಲಿ ಪುಸ್ತಕ ತೆರೆದರು. ಬಾಗಿಯ ಧ್ವನಿಸುರುಳಿಯ ಹೆಸರೇ ಅದರಲ್ಲಿ ಇರಲಿಲ್ಲ. ಹೆಸರನ್ನೂ ಬರೆಯದೆ ತಾವು ತೀರ್ಪು ಕೊಟ್ಟಿದ್ದರು.

ಮರುದಿನ ಕಾರ್ಖಾನೆ ಬಿಡುವ ಹೊತ್ತಿಗೆ ಅವರು ಗೇಟಿನ ಬಳಿ ನಿಂತಿದ್ದರು. ಬಾಗಿ ಬುತ್ತಿಯ ಚೀಲ ಹಿಡಿದು ಹೊರಬಂದಳು. ತಪ್ಪಾಯಿತೆಂದು ಚಂದಣ್ಣ ನೇರವಾಗಿ ಹೇಳಿದರು. ಮದುವೆಯ ದಿನ ತನ್ನ ಕಿವಿಯಲ್ಲಿ ಬೇರೇನೂ ಹೊಗುವಷ್ಟು ಜಾಗವಿರಲಿಲ್ಲ ಎಂದರು, ಸರಸಕ್ಕನ ಜಗಲಿಯ ಸಂಗತಿಯನ್ನೂ ತಿಳಿಸಿದರು. ಬಾಗಿ ಬುತ್ತಿಯ ಚೀಲವನ್ನು ಹೆಗಲಿಗೇರಿಸಿದಳು.

"ನಾನ್ ಮೈಕಿಗ್ ಹಾಡದ್ದೇ ಅಲ್ಲ ಚಂದಣ್ಣ. ಬದಿಗ್ ಕೂಕಂಡವ್ಳಿಗ್ ಹಾಡದ್ದ್." ಸ್ವಲ್ಪ ದೂರ ನಡೆದು ತಿರುಗಿ ನಿಂತಳು. "ಅಲ್ಲ, ನೀವ್ ಮೂರ್ ಸಲ ಕೇಂಬವ್ರ್ ಅಂಬ್ರಲೆ. ಮದಿ ಮನೇಲ್ ಒಂದಾಯ್ತ್, ಬೊಜ್ಜದ್ ಮನೇಲ್ ಒಂದಾಯ್ತ್. ಹಸ್ದ್ ಹೊಟ್ಟೇಲಿ ಕೇಂಡದ್ ಯಾವಾಗ?"

ಮೂರನೆಯದೂ ಮುಗಿಯಲಿ, ಆಮೇಲೆ ಮಾತು ಎಂದು ಅವಳು ಬಸ್ಸು ಹತ್ತಿದಳು. ನೇಮ ಮಾಡಿದವರಿಗೆ ಅವರ ನೇಮವನ್ನೇ ನೆನಪಿಸಿ ಹೋದ ಆ ತಾಯಿಯ ಆತ್ಮಗೌರವ ನೋಡಿ, ಬಂಧುಗಳೇ! ಹೊಗಳಿಕೆ ಸಿಕ್ಕಿತೆಂದು ಅವಳು ಅಲ್ಲೇ ಕರಗಲಿಲ್ಲ. ಪೂರ್ತಿ ಕೇಳಿಸಿಕೊಳ್ಳುವ ಹಕ್ಕನ್ನು ಬಿಟ್ಟುಕೊಡಲಿಲ್ಲ.

ಮರುದಿನ ಬೆಳಿಗ್ಗೆ ಚಂದಣ್ಣ ಚಹಾ ಕುಡಿಯದೆ ಕುಳಿತು ಎಂಟು ಪದಗಳನ್ನೂ ಕೇಳಿದರು. ಹಸಿವಿನ ಕಿವಿಗೆ ಬೇರೆಯದೇ ಒಂದು ಗುಣ ಸಿಕ್ಕಿತು ಎಂದು ಆಮೇಲೆ ನನಗೆ ಹೇಳಿದರು. ಆ ಸ್ವರದಲ್ಲಿ ಕೈಕೆಲಸದ ಓಟ ಇತ್ತು. ಪ್ರತಿಯೊಂದು ಸಾಲೂ ಒಂದು ಬೀಜದ ಸಿಪ್ಪೆ ಬಿಡಿಸಿ ಕೆಳಗಿಡುವಷ್ಟೇ ಉದ್ದ ಇತ್ತು. ಕೇಳುತ್ತಾ ಕೇಳುತ್ತಾ ಅವರು ತಮಗರಿವಿಲ್ಲದೆ ಎದ್ದು ಎರಡು ಆಂಪ್ಲಿಫೈಯರುಗಳ ಧೂಳು ಒರೆಸಿ ಮುಗಿಸಿದ್ದರಂತೆ.

ಶನಿವಾರ ಬಂತು. ಬುಧವಾರದ ಮರುಮುದ್ರಣಕ್ಕೆ ಇನ್ನು ಹನ್ನೊಂದು ದಿನ. ಭಜನೆಯ ನಡುವೆ ಹದಿನೈದು ನಿಮಿಷ ನನ್ನ ಪ್ರವಚನ ಇರುತ್ತದೆ. ನಾನು ಪುಸ್ತಕ ಬಿಡಿಸುವ ಮೊದಲೇ ಚಂದಣ್ಣ ಹತ್ತಿರ ಬಂದರು. "ಮಾಷ್ಟ್ರೆ, ಇವತ್ತ್ ನಿಮ್ಮ ಹೊತ್ತ್ ನಂಗ್ ಕೊಡಿ." ನಾನು ಸರಿದು ಕುಳಿತೆ.

ಅವರು ಮೈಕನ್ನು ಬೆರಳಿನಿಂದ ತಟ್ಟಿ, ರೂಢಿಯಂತೆ, "ಹಲೋ, ಒಂದು, ಎರಡು, ಮೂರು" ಎಂದರು. ಮೈಕು ಪರೀಕ್ಷೆ ಎಂದುಕೊಂಡು ಜನ ತಮ್ಮ ಮಾತಿನಲ್ಲೇ ಇದ್ದರು. ಅವರು ಮೈಕು ಬಿಡಲಿಲ್ಲ. ಮೂವತ್ತೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ನಾಲ್ಕನೆಯ ಮಾತು ಬಂತು. ಮಗಳ ಮದುವೆಯ ದಿನ ಹಂತಿಯ ನಡುವೆ ತಾನು ಆಡಿದ ಮಾತನ್ನು ಅಕ್ಷರ ಬಿಡದೆ ಹೇಳಿದರು. ಆ ಮಾತನ್ನು ನಾಲ್ಕು ಜನರ ಎದುರು ಆಡಿದ್ದರಿಂದ ಅದನ್ನು ಹಿಂದಕ್ಕೆ ಪಡೆಯುವುದೂ ನಾಲ್ಕು ಜನರ ಎದುರೇ ಆಗಬೇಕು ಎಂದರು. ಮಾತಾಡುತ್ತಿದ್ದವರೆಲ್ಲ ಅವರ ಕಡೆಗೆ ತಿರುಗಿದರು.

ರತೀಶ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು. ಗಾಯಕಿಗೆ ಮಾತು ಕೊಟ್ಟು ಬಂದವನು ಅವನು. "ನೀವೇ ಹೇಳದ್ದಲ್ದಾ ಚಂದಣ್ಣ, ಜೀವ ಇಲ್ಲೆ ಅಂದೇಳಿ? ಈಗ ಎಂತ, ಮೂರ್ ತಿಂಗ್ಳಾಪತ್ತಿಗ್ ಅದಕ್ಕೆ ಜೀವ ಬಂತಾ?"

ಕೆಲವರು ನಕ್ಕರು. ಚಂದಣ್ಣನಿಗೂ ಸ್ವಲ್ಪ ನಗು ಬಂತು.

"ಅದಕ್ಕೆ ಮೊದ್ಲೇ ಇದ್ದಿತ್ ಮಗಾ. ಅವತ್ತ್ ಇಲ್ದಿದ್ದದ್ ನನ್ನ ಕೆಮಿಗೆ." ಅವರು ತಮ್ಮ ಕಿವಿ ಮುಟ್ಟಿ ತೋರಿಸಿದರು.

ಆದರೆ ತನ್ನ ಮಾತನ್ನು ನಂಬಿ ನಿರ್ಣಯ ಬದಲಿಸಬೇಡಿ ಎಂದೂ ಅವರೇ ಹೇಳಿದರು. ತನ್ನ ಒಂದು ಮಾತನ್ನು ನಂಬಿಯೇ ಈ ಗತಿಯಾದದ್ದು. ಎಲ್ಲರೂ ಧ್ವನಿಸುರುಳಿಯನ್ನು ಫೋನಿಗೆ ಹಾಕಿಸಿಕೊಂಡು ಹೋಗಲಿ. ಮನಸ್ಸು ಹಗುರವಾಗಿದ್ದಾಗ ಒಮ್ಮೆ, ಭಾರವಾಗಿದ್ದಾಗ ಒಮ್ಮೆ ಕೇಳಲಿ. ಮುಂದಿನ ಶನಿವಾರ ತೀರ್ಮಾನವಾಗಲಿ. ರತೀಶ ಒಪ್ಪಿದ. ಸೋತವನ ಹಾಗೆ ಒಪ್ಪಲಿಲ್ಲ, ಪರೀಕ್ಷೆಗೆ ನಿಂತವನ ಹಾಗೆ ಒಪ್ಪಿದ. ಅದೂ ನಮ್ಮ ಮಂದಿರದ ಹೆಮ್ಮೆಯೇ.

ಆ ಒಂದು ವಾರ ನಮ್ಮ ಓಣಿಗಳಲ್ಲಿ ನಡೆದದ್ದು ನಾನು ಕಂಡ ಅತ್ಯುತ್ತಮ ಸಪ್ತಾಹ. ಗದ್ದೆಯ ಬದುವಿನಲ್ಲಿ, ಬಸ್ಸಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಬಳಿ ಒಂದೇ ಸ್ವರ. ಜನ ಹಾಡಿನ ಬಗ್ಗೆ ಮಾತಾಡಲು ಹೊರಟು ತಮ್ಮ ಬಗ್ಗೆ ಮಾತಾಡಿದರು. ಕೇಳುವಾಗ ನೀನು ಹೇಗಿದ್ದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾಯಿತಲ್ಲ! ಗಂಡ ಹೆಂಡತಿಯನ್ನು ಆ ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತೋ.

ಶನಿವಾರ ಸಂಜೆ ಮಂದಿರ ತುಂಬಿತ್ತು. ಎಲ್ಲರೂ ಒಪ್ಪಿದರೆಂದು ನಾನು ಸುಳ್ಳು ಹೇಳಲಾರೆ. ಹಿರಿಯರಾದ ಗುಡ್ಡಣ್ಣ ಮೊದಲು ಎದ್ದು, ತನಗೆ ಎರಡು ಸಲವೂ ನಿದ್ರೆ ಬಂತು ಎಂದರು. ಚಂದಣ್ಣ ಗಂಭೀರವಾಗಿ ಪುಸ್ತಕ ತೆರೆದು, "ನಿದ್ರೆಗೂ ಸಮ" ಎಂದು ಬರೆದುಕೊಂಡರು. ಎರಡು ಸಲ ಕೇಳಿದ್ದಕ್ಕೆ ಅವರಿಗೆ ಕೈಮುಗಿದರು. ಇನ್ನು ಕೆಲವರು ಎರಡು ಪದ ಚೆನ್ನ, ಉಳಿದವು ಸಾಧಾರಣ ಎಂದರು. ಹೆಚ್ಚಿನವರು ಭಾರದ ಹೊತ್ತಿನಲ್ಲಿ ತಮಗಾದದ್ದನ್ನು ಹೇಳಲು ಹೊರಟು ನಡುವೆಯೇ ನಿಲ್ಲಿಸಿ ಕುಳಿತರು. ಕೊನೆಗೆ ಎಲ್ಲರೂ ರತೀಶನ ಕಡೆಗೆ ನೋಡಿದರು.

ಗುರುವಾರ ಬೆಳಿಗ್ಗೆ ಅವನ ಹೋಟೆಲಿನ ಅಡುಗೆಯವನು ಹೇಳದೆ ಕೇಳದೆ ರಜೆ ಹಾಕಿದ್ದ. ರತೀಶ ತಾನೇ ದೋಸೆಯ ಕಾವಲಿಯ ಮುಂದೆ ನಿಂತಿದ್ದ; ಹೊರಗೆ ಗಿರಾಕಿಗಳ ಗದ್ದಲ, ಒಳಗೆ ಅವನೊಬ್ಬ. ಸಿಟ್ಟಿನಲ್ಲೇ ಫೋನು ಒತ್ತಿದನಂತೆ. "ಬದಿಗ್ ಯಾರೋ ನಿಂತ್ ಹಿಟ್ಟ್ ತಿರ್ಗ್ಸಿ ಕೊಟ್ಟಂಗ್ ಆಯ್ತ್" ಎಂದ. ಅಷ್ಟೇ ಹೇಳಿ, ಫೋನು ತೆಗೆದು, ಎಲ್ಲರೆದುರೇ ಆ ಗಾಯಕಿಗೆ ಕರೆ ಮಾಡಿ ಬುಧವಾರ ಬರುವುದು ಬೇಡವೆಂದು ವಿನಯದಿಂದ ಕ್ಷಮೆ ಕೇಳಿಕೊಂಡ. ಆ ತಾಯಿ ದೊಡ್ಡವರು. ಮೊದಲು ಹಾಡಿದವರ ಪ್ರತಿಯೊಂದನ್ನು ತಮಗೂ ಕಳಿಸಿ ಎಂದರಂತೆ.

ಬಾಗಿ ಅಂದು ಮಂದಿರದ ಹೊಸ್ತಿಲ ಹೊರಗೆ, ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿದ್ದಳು. ಚಂದಣ್ಣ ಹೊರಗೆ ಹೋಗಿ ಮೂರೂ ಆಯಿತೆಂದು ಹೇಳಿದರು. ಅವಳು ಒಳಗೆ ಬಂದು ತನ್ನ ಹಿಂದಿನ ಜಾಗದಲ್ಲಿ, ಹೆಂಗಸರ ಸಾಲಿನ ನಡುವೆ, ಕುಳಿತಳು. ಮೈಕನ್ನು ಮುಂದೆ ತಂದಿಟ್ಟರೆ ಕೈಯಿಂದ ಸರಿಸಿದಳು. ಅವಳು ಹಾಡತೊಡಗಿದಾಗ ನಾವು, ನೂರಾರು ಜನ, ಒಬ್ಬರಿಗೊಬ್ಬರು ಒತ್ತಿ ಅವಳ ಹತ್ತಿರಕ್ಕೆ ಸರಿದು ಕುಳಿತೆವು. ಮೂವತ್ತೆಂಟು ವರ್ಷ ಸ್ವರವನ್ನು ಜನರ ಬಳಿಗೆ ಒಯ್ದ ಚಂದಣ್ಣ ಅಂದು ಯಂತ್ರ ಆರಿಸಿ, ಸ್ಟೂಲು ಬಿಟ್ಟು, ಜನರ ನಡುವೆ ಕೆಳಗೆ ಕುಳಿತಿದ್ದರು.

ನವರಾತ್ರಿಯಲ್ಲಿ ಬಿಡುಗಡೆಯಾದ ಆ ಧ್ವನಿಸುರುಳಿಯ ಮುಖಪುಟದಲ್ಲಿ ಬಾಗಿಯ ಹೆಸರಿದೆ. ಕೆಳಗೆ, ಸರಸಕ್ಕನ ಅಪೇಕ್ಷೆಯಂತೆ, ಕಿಟ್ಟಣ್ಣನ ಹೆಸರೂ ಇದೆ. ಚಂದಣ್ಣನ ಪುಸ್ತಕದಲ್ಲಿ ಅದರ ಮುಂದೆ ಬರೆದಿರುವುದನ್ನು ನಾನೇ ಓದಿದ್ದೇನೆ: "ಮದುವೆ ಊಟಕ್ಕೆ ಬೇಡ. ಬೇರೆ ಯಾವಾಗ ಬೇಕಾದರೂ. ಧ್ವನಿ ಏರಿಸಬಾರದು."

ಬಂಧುಗಳೇ, ನಮ್ಮಲ್ಲಿ ಪ್ರತಿಯೊಬ್ಬರೂ ಯಾವುದೋ ಹಾಡನ್ನು, ಯಾರದೋ ಸ್ವರವನ್ನು, ನಮ್ಮದೇ ಗದ್ದಲದ ನಡುವೆ ಒಮ್ಮೆ ಕೇಳಿ ಬದಿಗೆ ಸರಿಸಿದ್ದೇವೆ. ಅದು ಇನ್ನೂ ಎಲ್ಲಿಯೋ ಒಂದು ಪಟದ ಕೆಳಗೆ ಕಾದಿದೆ. ಈ ವಾರ ಅದನ್ನು ಹುಡುಕಿ ತೆಗೆಯಿರಿ. ಹಸಿದು ಒಮ್ಮೆ ಕೇಳಿ, ನಕ್ಕು ಒಮ್ಮೆ ಕೇಳಿ, ಅತ್ತು ಒಮ್ಮೆ ಕೇಳಿ. ನಿಮ್ಮ ಹಿಂದಿನ ಮಾತು ತಪ್ಪೆಂದು ಕಂಡರೆ, ಆ ಮಾತನ್ನು ಎಲ್ಲಿ ಆಡಿದಿರೋ ಅಲ್ಲಿಗೇ ಹೋಗಿ, ಅಷ್ಟೇ ಗಟ್ಟಿಯಾಗಿ, ನಮ್ಮ ಚಂದಣ್ಣನ ಹಾಗೆ ಹಿಂದಕ್ಕೆ ತೆಗೆದುಕೊಳ್ಳಿ.